ಪರದೆಯ ಮೇಲಿನ ಊಟದ ಮೇಜು

“ಗುರುಗಳೇ, ನೀವು ಏಳುವ ಹೊತ್ತಿಗೆ ನಾನೂ ಏಳುತ್ತೇನೆ. ನೀವು ಉಣ್ಣುವಷ್ಟೇ ಉಣ್ಣುತ್ತೇನೆ. ನೀವು ಕೂರುವ ಹಾಗೆಯೇ ಕಣ್ಣು ಮುಚ್ಚಿ ಕೂರುತ್ತೇನೆ. ಆದರೂ ನಿಮಗಿರುವ ನೆಮ್ಮದಿ ನನಗೆ ಯಾಕೆ ಬರಲಿಲ್ಲ?” ಎಂದು ಶಿಷ್ಯನೊಬ್ಬ ಕೇಳಿದ. ಇದ್ದಬದ್ದದ್ದನ್ನೆಲ್ಲ ಬಿಟ್ಟು ಬಂದವನು. ಉತ್ತರ ಸಿಗದಿದ್ದರೆ ಹಿಂದಿರುಗಲು ಅವನಿಗೆ ಮನೆಯಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಕೈತುಂಬ ಕೆಲಸವಿತ್ತು, ಮನೆಯಲ್ಲಿ ಮಾತಿರಲಿಲ್ಲ. ಒಮ್ಮೆ ಊಟದ ಹೊತ್ತಿನಲ್ಲಿ ಮಗನಿಗೆ ಆಡಬಾರದ ಮಾತು ಆಡಿಬಿಟ್ಟಿದ್ದ. ಮಗ ಎಂಜಲು ಕೈಯಲ್ಲೇ ಎದ್ದು ಹೋಗಿ ಆಚೆ ಬೀದಿಯಲ್ಲಿ ಬೇರೆ ಒಲೆ ಹೂಡಿದ. ಅಂದಿನಿಂದ ಬಡಗಿ ಅರ್ಧ ಊಟಕ್ಕೇ ಏಳುತ್ತಿದ್ದ. ಮಗನನ್ನು ಕರೆಯಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಕಾಲು ಮಾತ್ರ ಆಚೆ ಬೀದಿಯತ್ತ ಏಳುತ್ತಿರಲಿಲ್ಲ.

ಆ ದಿನಗಳಲ್ಲಿ ಪೇಟೆಯ ಟಾಕೀಸಿಗೆ ಒಂದು ಸಿನಿಮಾ ಬಂತು. ಅದರಲ್ಲೂ ಒಬ್ಬ ಅಪ್ಪ, ಒಬ್ಬ ಮಗ, ನಡುವೆ ಮುನಿಸು. ಕೊನೆಗೆ ದೊಡ್ಡದೊಂದು ಊಟದ ಮೇಜಿನ ಮುಂದೆ ಅಪ್ಪ ನಗುತ್ತಾನೆ, ಮಗ ನಗುತ್ತಾನೆ. ಜನ ಕಣ್ಣೊರೆಸಿಕೊಂಡು ಮನೆಗೆ ಹೋದರು. ಬಡಗಿ ಕಸುಬಿನವನು, ಮೇಜನ್ನು ನೋಡಿದ. ಜಗಳ ಮುಗಿಸಿದ್ದು ಅದೇ ಎಂದು ಅವನಿಗೆ ಖಾತ್ರಿಯಾಯಿತು. ಅಂಥದೇ ಮೇಜು ಮನೆಗೆ ಬಂದರೆ ಮಗನೂ ಬರುತ್ತಾನೆ.

ಪರದೆಗೆ ಟೇಪು ಹಿಡಿಯುವಂತಿಲ್ಲ. ಆದರೆ ಆ ಮೇಜಿನ ಮೇಲಿದ್ದಂಥ ಸ್ಟೀಲ್ ಲೋಟ ಅವನ ಮನೆಯಲ್ಲೂ ಇತ್ತು. ಅದನ್ನೇ ಅಳತೆಗೋಲು ಮಾಡಿಕೊಂಡ. ಮತ್ತೆ ಮತ್ತೆ ಟಾಕೀಸಿಗೆ ಹೋಗಿ, ಒಂದು ಕಣ್ಣು ಮುಚ್ಚಿ ಲೋಟ ಎತ್ತಿ ಹಿಡಿದು, ಮೇಜು ಎಷ್ಟು ಲೋಟದ ಉದ್ದ, ಎಷ್ಟು ಲೋಟದ ಎತ್ತರ ಎಂದು ಲೆಕ್ಕ ಹಾಕಿದ.

“ಲೋಟ ಇಳಿಸಪ್ಪ, ಇಲ್ಲಿ ಪಾನಕ ಹಂಚೋದಿಲ್ಲ” ಎಂದರು ಹಿಂದೆ ಕೂತವರು.

ಬಹುಕಾಲದಿಂದ ತೆಗೆದಿಟ್ಟಿದ್ದ ಬೀಟೆ ಮರದ ಹಲಗೆಗಳನ್ನು ಇಳಿಸಿದ. ಅಂಚಿನ ಕೆತ್ತನೆ, ಬಿಸಿ ಪಾತ್ರೆಯ ಕಲೆ, ಮೂಲೆಯಲ್ಲಿದ್ದ ಗೀರು, ಯಾವುದನ್ನೂ ಬಿಡಲಿಲ್ಲ. ಹೊಸ ಮರವನ್ನು ಸುಟ್ಟು ಗೀರುವುದು ಬಡಗಿಗೆ ಸಂಕಟದ ಕೆಲಸ. ಅದನ್ನೂ ಮಾಡಿದ. ಸಿನಿಮಾದಲ್ಲಿದ್ದಂಥವೇ ಎರಡು ಕುರ್ಚಿ ಮಾಡಿ ಎದುರುಬದುರು ಇಟ್ಟ. ಕೊನೆಗೆ ಒಂದು ತೊಡಕು ಉಳಿಯಿತು. ಸಿನಿಮಾದ ಮೇಜಿನ ಮುಂಬದಿಯ ಹಲಗೆ ನೆಲದವರೆಗೆ ಇಳಿದಿತ್ತು. ಅದರ ಹಿಂದೆ ಕಾಲುಗಳು ಹೇಗಿದ್ದವೋ ಯಾವ ದೃಶ್ಯದಲ್ಲೂ ಕಾಣಲಿಲ್ಲ. ತಿಳಿಯುವ ತನಕ ಇರಲಿ ಎಂದು ಹಿಂಬದಿಗೆ ಎರಡು ಹಣ್ಣಿನ ಪೆಟ್ಟಿಗೆ ಕೊಟ್ಟು ನಿಲ್ಲಿಸಿದ.

“ಏನೋ ಎರಡು ಕಾಲು ಹಚ್ಚಿ ಮುಗಿಸಿ” ಎಂದಳು ಹೆಂಡತಿ. “ಇಲ್ಲಾಂದ್ರೆ ಮೇಜೇ ಬೇಡ. ಹೋಗಿ ಒಂದು ಸಲ ಕರೀರಿ. ನೆಲದ ಮೇಲೆ ಉಂಡೇ ಬೆಳೆದವನು ರೀ ಅವನು.”

“ಹಿಂದಿನ ಹಾಗೇ ಕೂರಿಸಿದರೆ ಹಿಂದಿನ ಹಾಗೇ ಎದ್ದು ಹೋಗ್ತಾನೆ” ಎಂದ ಬಡಗಿ. ಮೇಜನ್ನು ಮಾಡಿದವರನ್ನೇ ಕೇಳಿ ಬರಲು ಪಟ್ಟಣಕ್ಕೆ ಹೊರಟ.

ಬಹಳ ಅಲೆದ ಮೇಲೆ ಸೆಟ್ ಕಟ್ಟಿದ ಮೇಸ್ತ್ರಿ ಸಿಕ್ಕ.

“ಹಿಂದಿನ ಕಾಲುಗಳು ಹೇಗಿದ್ದವು?”

“ಕಾಲೆಲ್ಲಿ ಬಂತು ಯಜಮಾನ್ರೇ? ಕ್ಯಾಮೆರಾಗೆ ಕಾಣದ್ದಕ್ಕೆ ಯಾರು ಮರ ಹಾಕ್ತಾರೆ? ಎರಡು ಹಣ್ಣಿನ ಪೆಟ್ಟಿಗೆ ಕೊಟ್ಟು ನಿಲ್ಲಿಸಿದ್ವಿ. ಮರ ಅಂದ್ನಲ್ಲ, ಅದೂ ಅಲ್ಲ. ಪ್ಲೈವುಡ್ಡು, ಮೇಲೆ ಬಣ್ಣ.”

“ಅಪ್ಪ ಮಗ ಕೂತು ಉಂಡದ್ದು?”

“ಅಪ್ಪನ ಪಾತ್ರದವರು ಒಂದು ದಿನ ಬಂದು ಖಾಲಿ ಕುರ್ಚಿ ನೋಡಿ ನಕ್ಕು ಹೋದರು. ಮಗನ ಪಾತ್ರದವರು ಇನ್ನೊಂದು ದಿನ ಬಂದು ನಕ್ಕು ಹೋದರು. ಅಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.”

ಬಡಗಿ ಮೇಜಿನ ಆಸೆಯನ್ನು ಅಲ್ಲೇ ಬಿಟ್ಟ. ಊರಲ್ಲಿ ಬಸ್ಸಿಳಿದವನು ಮನೆಗೆ ಹೋಗದೆ ಆಚೆ ಬೀದಿಗೆ ನಡೆದ. ಈ ಸಲ ಕಾಲು ಎದ್ದಿತು. ಮಗನ ಬಾಗಿಲಿಗೆ ಬೀಗವಿತ್ತು.

“ಬೇರೆ ಊರಲ್ಲಿ ಕೆಲಸ ಸಿಕ್ಕಿತಂತೆ ಅಣ್ಣ” ಎಂದಳು ಪಕ್ಕದ ಮನೆಯವಳು. “ಹೇಳಿ ಹೋಗೋಣ ಅಂತ ನಿಮ್ಮನೆಗೆ ಬಂದಿದ್ದ. ಆ ಮೇಜಿನ ಮುಂದೆ ಕೂತು ಸಂಜೆವರೆಗೂ ಕಾದನಂತೆ. ಆಮೇಲೆ ಅಮ್ಮನನ್ನೂ ಕರಕೊಂಡು ಹೋದ.”

“ಯಾವ ಊರು?”

“ನನ್ನ ಕೈಗೆ ಕೊಟ್ಟದ್ದು ನಿಮ್ಮನೆ ಬೀಗದ ಕೈ ಒಂದೇ.”

ಬಡಗಿ ಮನೆಗೆ ಬಂದು ಅಪ್ಪನ ಜಾಗದಲ್ಲಿ ಕೂತ. ಎದುರಿನ ಕುರ್ಚಿ ಖಾಲಿಯಿತ್ತು. ಒಂದು ದಿನ ಮಗ ಕೂತು ಹೋಗಿದ್ದ, ಇನ್ನೊಂದು ದಿನ ಅಪ್ಪ ಕೂತಿದ್ದ. ಹಿಂಬದಿಗೆ ಪೆಟ್ಟಿಗೆಗಳೂ ಇದ್ದವು. ಬೀಟೆಯೊಂದನ್ನು ಬಿಟ್ಟರೆ ಸಿನಿಮಾದ ಮೇಜಿಗೂ ಇದಕ್ಕೂ ಈಗ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನಗುವುದೊಂದು ಬಾಕಿ ಇತ್ತು. ಅದು ಅವನಿಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಅವನು ಕೆಟ್ಟದ್ದು ಬಣ್ಣದ ಹಲಗೆಯನ್ನು ನಂಬಿ. ನಾನು ನಂಬಿರುವುದು ನಿಮ್ಮನ್ನು” ಎಂದ ಶಿಷ್ಯ.

ಗುರುಗಳು ಹೇಳಿದರು: “ನೀನು ನನ್ನನ್ನು ನೋಡಿರುವುದೂ ಎದುರಿನಿಂದ ಮಾತ್ರ.”