ದಿಲ್ಲಿಗೆ ಹೊರಟ ರುಮಾಲು

ನೇಕಾರರ ಸಂಘದ ಅಧ್ಯಕ್ಷರು ಬಹುಮಾನ ತರಲು ದಿಲ್ಲಿಗೆ ಹೊರಟಿದ್ದರು. ಮುದಿ ಜವಾನ ಗದಿಗೆಪ್ಪ ನಿವೃತ್ತನಾಗುವ ಮೊದಲು ದಿಲ್ಲಿ ನೋಡಲಿ ಎಂದು ಗುಮಾಸ್ತ ಅವನ ಹೆಸರನ್ನೂ ಖರ್ಚಿನ ಪಟ್ಟಿಗೆ ಸೇರಿಸಿದ.

ಅಧ್ಯಕ್ಷರು ಗುಡುಗಿದರು. "ಇಂವಗ್ಯಾಕ ದಿಲ್ಲಿ? ಹೆಸರು ಹೊಡೆದು ಹಾಕು."

ಗುಮಾಸ್ತ ಹೊಡೆದು ಹಾಕಿ, ಕೆಳಗೆ ಇನ್ನೊಂದು ಸಾಲು ಬರೆದ.

"ಏನದು?"

"ದಿಂಬು ನಾಕು, ಸಾಹೇಬ್ರ. ರೈಲಿನ್ಯಾಗ ನೀವು ಕುಂತೇ ಮಲಗಬೇಕಲ್ರಿ. ಗದಿಗೆಪ್ಪ ಇಲ್ಲಿ ಸುತ್ತಿದ ರುಮಾಲು ಬಹುಮಾನ ತಗೊಳ್ಳೋ ತನಕ ಬಿಚ್ಚಬಾರದು."

ಅಧ್ಯಕ್ಷರ ಕೈ ತಾನಾಗಿ ತಲೆಗೆ ಹೋಯಿತು. ಮೂವತ್ತು ವರ್ಷದಿಂದ ಆ ರುಮಾಲು ದಿನಾ ಸುತ್ತುತ್ತಿದ್ದವನು ಗದಿಗೆಪ್ಪನೇ.

"ಬರಿ ಅವನ ಹೆಸರು," ಎಂದರು. ಮತ್ತೆ ಕೇಳಿದರು, "ಅಂವ ತನ್ನ ರುಮಾಲು ಸುತ್ತಿಕೊಳ್ಳೋ ಮುಂದ ತುದಿ ಯಾರು ಹಿಡೀತಾರ?"

"ಅವನ ಹೆಂಡತಿ ರೀ."

"ಹಂಗಾರ ಆಕಿ ಹೆಸರೂ ಬರಿ."