ಖಾಲಿ ಹರಿಗೋಲು

ಮಂಜು ಕವಿದರೆ ಆ ಹೊಳೆಗೆ ಆಚೆ ದಡವೇ ಇರುತ್ತಿರಲಿಲ್ಲ. ಈಚೆ ದಡದಲ್ಲಿ ಮುರಿಗೆಯ್ಯನವರ ಆಶ್ರಮ. ಅಲ್ಲಿ ತಯಾರಾದ ವಿಭೂತಿ ಗಟ್ಟಿಗಳು ವಾರವಾರ ಪೇಟೆಗೆ ಹೋಗಬೇಕು.

“ಯಾರ ಗಾಡಿಯಿಂದ ಹೊಳೆದಂಡೆಗೆ ಹೊಗೆ ಕಡಿಮೆಯೋ ಅವರಿಗೇ ಬಾಡಿಗೆ. ನೋಡಿಕೊಂಡು ಬಾ,” ಎಂದು ಗುರುಗಳು ಶಿಷ್ಯ ಹಾಲೇಶನನ್ನು ಕಳಿಸಿದರು.

ಊರಲ್ಲಿದ್ದದ್ದು ಎರಡೇ ಟೆಂಪೋ. ವಿರುಪಣ್ಣನದು ಹೊಸದು, ಮೈಗೆ ಹಸಿರು ಬಣ್ಣ, ಒಳಗೆ ಪ್ಲಾಸ್ಟಿಕ್ ಬದಲು ಗೋಣಿತಾಟು. ಕೊಟ್ರವ್ವನದು ಹಳೆಯದು, ಸ್ಟಾರ್ಟ್ ಮಾಡಿದರೆ ಬೀದಿಗೆ ಮೋಡ ಇಳಿದಂತೆ. ಹಾಲೇಶ ವಿರುಪಣ್ಣನ ಹೆಸರು ಹೇಳಿಬಿಟ್ಟ.

ಮರುದಿನ ಬೆಳಿಗ್ಗೆಯೇ ಕೊಟ್ರವ್ವ ಬಂದು ನಿಂತಳು.

“ಈ ಬಾಡಿಗೆನೂ ತಪ್ಪಿದ್ರೆ ಗಾಡಿ ಗುಜರಿಗೆ ಹಾಕ್ಬೇಕು ಸ್ವಾಮಿ. ಅದು ಮಾಡಿದ ತಪ್ಪೇನು?”

“ಕೆಮ್ಮುತ್ತೆ ಅವ್ವ,” ಎಂದ ಹಾಲೇಶ.

“ನಾನೂ ಕೆಮ್ತೀನಿ. ನನ್ನೂ ಗುಜರಿಗೆ ಹಾಕ್ರಿ!”

ಗುರುಗಳು ನಕ್ಕರು. “ಒಂದು ವಾರ ತಡಿಯವ್ವ,” ಎಂದು ಅವಳನ್ನು ಕಳಿಸಿ, ಹಾಲೇಶನತ್ತ ತಿರುಗಿದರು. “ಆಚೆ ದಡದ ಮಠಕ್ಕೆ ಒಂದು ಬುಟ್ಟಿ ಗಟ್ಟಿ ಮುಟ್ಟಿಸಿ ಬಾ.”

ಹರಿಗೋಲು ಮಂಜಿನೊಳಗೆ ತೇಲಿತು. ನೀರು ಯಾವುದು, ಆಕಾಶ ಯಾವುದು ತಿಳಿಯದು. ಹುಟ್ಟಿನ ಸದ್ದು ಮಾತ್ರ, ಯಾರೋ ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಹಾಲೇಶ ಬುಟ್ಟಿ ಇಳಿಸಿ ಮರಳಿದ.

“ಅಲ್ಲಿ ಬೆರಣಿ ಇದ್ದವಾ?”

“ಇದ್ದವು ಬುದ್ಧಿ. ವಿಭೂತಿ ಸುಡೋಕೆ ನಮಗೇ ಅಂತ ಒಟ್ಟಿಟ್ಟಿದ್ದರು.”

“ಎಲ್ಲಿ?”

“ನೀವು ತಾ ಅನ್ನಲಿಲ್ಲ.”

“ಈಗ ಅಂದೆ. ಹೋಗಿ ತಾ.”

ಬೆರಣಿ ತಂದು ಇಳಿಸುವಷ್ಟರಲ್ಲಿ ಅವನ ರಟ್ಟೆಗಳು ಸೋತುಹೋಗಿದ್ದವು.

“ಹೊಳೆ ಎಷ್ಟು ಸಲ ದಾಟಿದೆ?”

“ನಾಲ್ಕು ಸಲ.”

“ಸಾಮಾನು ಹೇರಿಕೊಂಡು?”

“ಎರಡೇ ಸಲ.”

“ವಿರುಪಣ್ಣನ ಗಾಡಿ ಪೇಟೆಯಿಂದ ಬರುವಾಗ ಏನು ತರುತ್ತೆ?”

ಹಾಲೇಶ ಗಾಡಿಗಳನ್ನು ನೋಡಿದ್ದೇ ಅವು ಅಂಗಡಿ ಮುಂದೆ ನಿಂತಿದ್ದಾಗ.

ಒಂದು ವಾರ ಎರಡೂ ಗಾಡಿಗಳಲ್ಲಿ ಕೂತು ತಿರುಗಿದ. ವಿರುಪಣ್ಣ ಫೋನ್ ಬಂದರೆ ಸಾಕು, ಒಂದೇ ಮೂಟೆಗೂ ಹೊರಟುಬಿಡುವನು. ದಿನಕ್ಕೆ ಮೂರು ಸಲ. ಬರುವಾಗ ಬರೀ ಗೋಣಿತಾಟು ಗಾಳಿಗೆ ಪಟಪಟ ಬಡಿಯುವುದು.

ಕೊಟ್ರವ್ವ ಗಾಡಿ ತುಂಬುವ ತನಕ ಅಲುಗಾಡಳು. “ಅವಸರ ಇದ್ರೆ ತಲೆ ಮೇಲೆ ಹೊತ್ಕೊಂಡು ನಡೀರಿ,” ಎಂದು ಗಿರಾಕಿಗಳನ್ನೇ ಗದರುವಳು. ಹೋಗುವಾಗ ನಾಲ್ಕು ಮನೆಯ ಈರುಳ್ಳಿ, ಬರುವಾಗ ಊರಿಗೆಲ್ಲ ಹಿಂಡಿ, ಬೂಸಾ. ವಾರಕ್ಕೆ ಎರಡೇ ಓಡಾಟ.

ಹಾಲೇಶ ಗುರುಗಳ ಮುಂದೆ ಕೂತ.

“ಬಾಡಿಗೆ ಕೊಟ್ರವ್ವಗೇ ಸಲ್ಲಬೇಕು ಬುದ್ಧಿ.”

“ಅವಳ ಗಾಡಿಯ ಕೆಮ್ಮು?”

“ಅದನ್ನ ಮೆಕ್ಯಾನಿಕ್ ವಾಸಿ ಮಾಡ್ತಾನೆ. ಖಾಲಿ ಓಡಾಟಕ್ಕೆ ಯಾವ ಮೆಕ್ಯಾನಿಕ್ಕೂ ಇಲ್ಲ. ಈಗಲೇ ಓಡಿಹೋಗಿ ಹೇಳಿ ಬರ್ತೀನಿ, ಆಯಮ್ಮ ಗಾಡಿ ಮಾರಿಬಿಟ್ಟಾಳು!”

ಮಾತು ಮುಗಿಯುವ ಮೊದಲೇ ಅವನು ಬಾಗಿಲು ದಾಟಿದ್ದ. ಬೆಳ್ಳಗೆ ಕವಿದಿದ್ದ ಮಂಜಿನಲ್ಲಿ ಗುರುಗಳ ದನಿ ಅವನ ಹಿಂದೆಯೇ ತೇಲಿ ಬಂತು.

“ಬರುವಾಗ ಏನು ತರ್ತೀಯ?”