ನಡೆ ಅಂದರೂ ನಿಂತ ನಾಯಿ

"ಗುರುಗಳೇ, ಹತ್ತು ವರ್ಷದಲ್ಲಿ ನಿಮ್ಮ ಒಂದು ಮಾತನ್ನೂ ನಾನು ಮೀರಿಲ್ಲ. ಆ ಬಸಲಿಂಗ ದಿನಕ್ಕೆ ನಾಲ್ಕು ಸಲ ನಿಮಗೆ ಎದುರಾಡುತ್ತಾನೆ. ಆದರೂ ಪ್ರಯಾಣ ಹೊರಟಾಗ ಅವನನ್ನೇ ಜೊತೆಗೆ ಕರೆಯುತ್ತೀರಿ. ನನ್ನಲ್ಲೇನು ಕೊರತೆ?" ಎಂದು ಶಿಷ್ಯ ಗುರುಶಾಂತ ಕೇಳಿದ.

"ಅಂತೂ ಬಾಯಿ ಬಿಟ್ಟೆಯಲ್ಲ, ಪುಣ್ಯಾತ್ಮ! ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನಾಯಿ ಪಳಗಿಸುವವನಿದ್ದ. ಕಣ್ಣಿಲ್ಲದವರನ್ನು ದಾರಿಯಲ್ಲಿ ನಡೆಸಲು ನಾಯಿಗಳನ್ನು ತಯಾರು ಮಾಡುವುದು ಅವನ ಕೆಲಸ. ನಡೆ ಅಂದರೆ ನಡೆಯುವುದನ್ನು ನಾಯಿ ತಿಂಗಳಲ್ಲಿ ಕಲಿಯುತ್ತದೆ. ಅದೇನು ಮಹಾ! ಮುಂದೆ ಗುಂಡಿಯಿದ್ದರೆ, ಸಾಕಿದವರೇ ನಡೆ ಅಂದರೂ ನಿಲ್ಲಬೇಕು. ಅದನ್ನು ಕಲಿಸಲು ಅವನಿಗೆ ಎರಡು ವರ್ಷ ಹಿಡಿಯುತ್ತಿತ್ತು.

ಹಗ್ಗ ಹೊಸೆದು ಬದುಕುವ ಒಬ್ಬ ಹೆಂಗಸು ಅವನಿಂದ ನಾಯಿಯೊಂದನ್ನು ಪಡೆದಳು. ಆಕೆಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅಲ್ಲಿಯವರೆಗೆ ಯಾರದಾದರೂ ಸೆರಗು ಹಿಡಿದೇ ಸಂತೆಗೆ ಹೋಗುತ್ತಿದ್ದವಳು, ನಾಯಿಗೆ ಕಟ್ಟಿದ ಪಟ್ಟಿಯ ಹಿಡಿಕೆ ಹಿಡಿದು ಒಬ್ಬಳೇ ಹೋದಳು. ಆ ದಿನ ಸಂತೆಯಲ್ಲಿ ಸುಮ್ಮಸುಮ್ಮನೆ ನಕ್ಕಳಂತೆ.

ತಿಂಗಳಾಗುವುದರೊಳಗೆ ನಾಯಿಯನ್ನು ಹಿಂದಕ್ಕೆ ತಂದಳು. "ಅಣ್ಣಾ, ನಡೆ ಅಂದರೆ ನಿಲ್ಲುತ್ತದೆ. ಯಜಮಾನಿ ನೀನೋ ನಾಯಿಯೋ ಎಂದು ಜನ ನಗುತ್ತಾರೆ. ಇಷ್ಟು ದಿನ ಎಲ್ಲರೂ ಎಳೆದ ಕಡೆ ಹೋದೆ. ನಾಯಿಯಾದರೂ ನನ್ನ ಮಾತು ಕೇಳಬಾರದೇ?" ಎಂದು ಅತ್ತಳು.

ಅವಳೊಂದಿಗೆ ಆ ದಾರಿಯಲ್ಲಿ ನಡೆದು, ನಾಯಿ ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂದು ಅವನು ನೋಡಬೇಕಿತ್ತು. ನೋಡಲಿಲ್ಲ. ಬಾಗಿಲಲ್ಲಿ ನಾಯಿಗಾಗಿ ಬಂದ ಬೇರೆ ಜನ ನಿಂತಿದ್ದರು. ಅವನಿಗೆ ತನ್ನ ಹೆಸರಿನ ಚಿಂತೆ ಹತ್ತಿತು.

"ಎಂಟು ದಿನ ಬಿಟ್ಟು ಹೋಗವ್ವಾ, ಸರಿ ಮಾಡಿ ಕೊಡುತ್ತೇನೆ" ಎಂದ.

ಗುಂಡಿಯ ಮುಂದೆ ನಾಯಿ ನಿಂತಾಗೆಲ್ಲ ಹೊಡೆದ, ಉಪವಾಸ ಕೆಡವಿದ. ನಾಯಿ ಕುಂಯ್‌ಗುಟ್ಟಿತು, ಅವನ ಕಾಲು ನೆಕ್ಕಿತು, ಆದರೂ ನಿಂತಿತು. ಎಂಟನೆಯ ದಿನ ನಡೆ ಅಂದ ಕೂಡಲೇ ಗುಂಡಿಗೆ ಇಳಿಯಿತು. ಭಲೆ ಎಂದು ಬೆನ್ನು ತಟ್ಟಿ ರೊಟ್ಟಿ ಹಾಕಿದ. ಪಾಪಿ!

ಹೆಂಗಸಿಗೆ ಖುಷಿಯಾಯಿತು. ಸ್ವಲ್ಪ ದಿನಕ್ಕೆ ಊರವರು ದಾರಿ ಬದಿಯ ಬಾವಿಯ ಕಟ್ಟೆಯನ್ನು ಹೊಸದಾಗಿ ಕಟ್ಟಲೆಂದು ಕೆಡವಿದರು. ಸಂತೆಯ ದಿನ ನಾಯಿ ಬಾವಿಯ ಅಂಚಿಗೆ ಬಂದು ನಿಂತಿತು. ತಲೆಯೆತ್ತಿ ಅವಳ ಮುಖ ನೋಡಿತು. ದೂರದಲ್ಲಿದ್ದವರು ಕೂಗುವಷ್ಟರಲ್ಲಿ ಆಕೆ ನಡೆ ಅಂದಳು.

ನಾಯಿ ನಡೆಯಿತು.

ಇಬ್ಬರ ಹೆಣವನ್ನೂ ಮೇಲೆತ್ತಿದವನು ಅದನ್ನು ಪಳಗಿಸಿದವನೇ. ಹಿಡಿಕೆ ಇನ್ನೂ ಅವಳ ಕೈಯಲ್ಲಿತ್ತು. "ಅದಕ್ಕೆ ಗೊತ್ತಿತ್ತು" ಎಂದು ಎದೆ ಎದೆ ಬಡಿದುಕೊಂಡು ಅತ್ತ. ಆಮೇಲೆ ಅವನು ಯಾವ ನಾಯಿಯನ್ನೂ ಪಳಗಿಸಲಿಲ್ಲ.

ಗುರುಶಾಂತ ಕಣ್ಣೊರೆಸಿಕೊಂಡು, "ಕತೆ ತಿಳಿಯಿತು ಗುರುಗಳೇ. ಆದರೆ ನೀವು ಎಲ್ಲವನ್ನೂ ಕಾಣುವವರು. ನಿಮ್ಮನ್ನು ತಡೆದು ನಿಲ್ಲಿಸುವವನು ನಿಮಗೇಕೆ?" ಎಂದ.

ಗುರುಗಳು ಎದ್ದರು. ಗೋಡೆ ಸವರಿ ಊರುಗೋಲನ್ನು ಹುಡುಕಿದರು. ಅದು ಅವರ ಎದುರಿಗೇ ಇತ್ತು.

"ವರ್ಷವಾಯಿತು ಕಣಯ್ಯ, ನನಗೆ ಕಣ್ಣು ಕಾಣದೆ. ಅದನ್ನು ಗಮನಿಸಿ, ನಿಲ್ಲಿ ಎಂದವನು ಬಸಲಿಂಗನೊಬ್ಬನೇ."